ಬ್ರೇಕಿನೊಳಗಿನ ಗಾಳಿ

ಅಣ್ಣತಮ್ಮಂದಿರ ನಡುವಿನ ಗೋಡೆ, ಬಾವಿ, ಬದು, ಬೇವಿನ ಮರ, ಇವುಗಳ ಜಗಳದ ಮೇಲೆಯೇ ನನ್ನ ವಕೀಲಿ ನಡೆದದ್ದು. ಬಾವಿಯ ಅರ್ಧ ನೀರು ನನ್ನದು ಎಂದು ಒಬ್ಬ, ಅರ್ಧ ಎಂದರೆ ಮೇಲಿನ ಅರ್ಧವೋ ಕೆಳಗಿನ ಅರ್ಧವೋ ಎಂದು ಇನ್ನೊಬ್ಬ. ಇಂಥ ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು, ಒಳಗೊಳಗೇ ನಗುತ್ತ, ಹೊರಗೆ ಮುಖ ಗಂಭೀರ ಮಾಡಿಕೊಂಡು ದಾವೆ ಬರೆದುಕೊಡುತ್ತಿದ್ದವನು ನಾನು. ಜಂಟಿ ಆಸ್ತಿ ಎಂಬುದು ಒಳ್ಳೆಯ ಮನುಷ್ಯರನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದನ್ನು ಚಿತ್ತಾಪುರದಲ್ಲಿ ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಅಂಥ ನಾನೇ ಪಕ್ಕದ ಮನೆಯ ಹಬೀಬಸಾಬರ ಜೊತೆ ಸೇರಿ ಒಂದು ಹಳೆಯ ಕಾರನ್ನು ಜಂಟಿಯಾಗಿ ಕೊಂಡೆ.

ಹಬೀಬಸಾಬರೂ ವಕೀಲರೇ. ಹೈದರಾಬಾದಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಲಾ ಓದಿದವರು, ಊರಿಗೆ ಬಂದ ಮೇಲೆ ಕೋರ್ಟಿನಲ್ಲಿ ಎದುರುಬದುರು ನಿಂತವರು. ಇಬ್ಬರಿಗೂ ಸೇಡಂ ಕೋರ್ಟಿನಲ್ಲಿ ಕೇಸುಗಳಿರುತ್ತಿದ್ದವು. ಬಸ್ಸಿನಲ್ಲಿ ಕರಿಕೋಟು ಹಾಕಿಕೊಂಡು ತೊಗರಿ ಚೀಲದ ಮೇಲೆ ಕೂತು ಹೋಗುವುದು ಇಬ್ಬರಿಗೂ ಸಾಕಾಗಿತ್ತು. ಶಹಾಬಾದಿನ ಕಲ್ಲುಗಣಿಯ ಗುತ್ತಿಗೆದಾರರೊಬ್ಬರು ಹೊಸ ಗಾಡಿ ತಂದು ಹಳೆಯದನ್ನು ಮಾರುತ್ತಾರೆಂದು ಗೊತ್ತಾದಾಗ ಇಬ್ಬರೂ ಕೂಡಿಯೇ ಹೋಗಿ ನೋಡಿ ಬಂದೆವು. ಬೂದಿ ಬಣ್ಣದ ಗಾಡಿ. ಅದು ಅದರ ನಿಜವಾದ ಬಣ್ಣವೋ, ಫರ್ಸಿ ಕಲ್ಲಿನ ಧೂಳೋ ಎಂಬುದು ಎರಡು ಸಲ ತೊಳೆದ ಮೇಲೂ ಇತ್ಯರ್ಥವಾಗಲಿಲ್ಲ. ಮೈಸೂರು ರಾಜ್ಯ ಹೋಗಿ ಕರ್ನಾಟಕ ಆದ ಮರುವರ್ಷದ ಮಾತು ಇದು.

ನಮ್ಮ ಅಂಗಳದ ಗೇಟು ಅಗಲವಾಗಿದ್ದುದರಿಂದ ಗಾಡಿ ನಮ್ಮಲ್ಲೇ ನಿಲ್ಲುತ್ತಿತ್ತು. ಹೋಗುವಾಗ ಅವರು ನಡೆಸಬೇಕು, ಬರುವಾಗ ನಾನು, ಎಂದು ಮಾತಾಗಿತ್ತು. ಕೊಂಡ ದಿನವೇ ಬಾರ್ ರೂಮಿನಲ್ಲಿ ಯಾರೋ ಕೇಳಿದರು, ಯಾವ ಅರ್ಧ ಯಾರದು ಎಂದು. ಹಬೀಬಸಾಬರು ನನ್ನ ಕಡೆ ಕೈ ತೋರಿಸಿ, "ಮುಂದಿಂದು ಚನ್ನಬಸಪ್ಪಂದು, ಹಿಂದಿಂದು ನಂದು. ನನಗ ಆರಾಮ ಕುಂದ್ರಲಿಕ್ಕ ಜಾಗಾ ಇದ್ರ ಸಾಕು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ವಕೀಲನಾದವನು ಇಂಥ ಮಾತನ್ನು ನಗುತ್ತಲೂ ಒಪ್ಪಿಕೊಳ್ಳಬಾರದಿತ್ತು.

ಒಂದು ವರ್ಷ ಯಾವ ತಂಟೆಯೂ ಇರಲಿಲ್ಲ. ಆಮೇಲೆ ಬ್ರೇಕು ಮೆತ್ತಗಾಗತೊಡಗಿತು. ಮೆತ್ತಗೆ ಎಂದರೆ ಹೇಗೆ ಹೇಳಲಿ, ಪೆಡಲಿನ ಮೇಲೆ ಕಾಲಿಟ್ಟರೆ ನೆನೆಸಿದ ಚುರುಮುರಿಯ ಮೇಲೆ ಇಟ್ಟ ಹಾಗೆ. ಕಾಲು ಕೆಳಗೆ ಹೋಗುತ್ತಿತ್ತು, ಆದರೆ ಆ ಸುದ್ದಿ ಗಾಲಿಗೆ ಮುಟ್ಟುತ್ತಿರಲಿಲ್ಲ. ಎರಡನೆಯ ಸಲ ಒತ್ತಿದರೆ ಸ್ವಲ್ಪ ಗಟ್ಟಿ, ಮೂರನೆಯ ಸಲಕ್ಕೆ ಗಾಡಿ ಮನಸ್ಸು ಮಾಡಿ ನಿಲ್ಲುತ್ತಿತ್ತು. ಹಬೀಬಸಾಬರಿಗೆ ಹೇಳಿದೆ, "ಬ್ರೇಕ್ ಭಾಳ ಮೆತ್ತಗ ಆಗ್ಯಾದ್ರಿ."

"ಮೆತ್ತಗ ಇದ್ರ ಛಲೋನೇ ಅಲ್ಲೇನ್ರಿ? ಕಾಲಿಗೆ ನೋವಾಗಂಗಿಲ್ಲ" ಎಂದರು ಅವರು.

ಅವರ ಸ್ವಭಾವವೇ ಹಾಗೆ. ಕೋರ್ಟಿನಲ್ಲೂ ತಮ್ಮ ಕಕ್ಷಿದಾರನ ತಪ್ಪನ್ನೇ ಒಂದು ಗುಣವೆಂಬಂತೆ ವರ್ಣಿಸಿ ಎದುರಿನವನ ಬಾಯಿ ಮುಚ್ಚಿಸುತ್ತಿದ್ದರು. ನಾನು ಹಾಗಲ್ಲ, ಪ್ರತಿಯೊಂದಕ್ಕೂ ಕಾರಣ ಹುಡುಕುವವನು. ಪೆಡಲು ಕೆಳಗೆ ಹೋಗುತ್ತದೆ, ಆದ್ದರಿಂದ ಅದನ್ನು ಮೇಲೆ ತರಬೇಕು ಎಂದು ತರ್ಕ ಮಾಡಿ, ನನ್ನ ಹಳೆಯ ಚಪ್ಪಲಿಯೊಂದರ ಅಟ್ಟೆ ಕತ್ತರಿಸಿ ಪೆಡಲಿಗೆ ಸುತ್ತಿ ತಂತಿಯಿಂದ ಕಟ್ಟಿದೆ. ಪೆಡಲು ಒಂದು ಬೆರಳಿನಷ್ಟು ಎತ್ತರವಾಯಿತು. ಈಗ ಕಾಲು ಅಷ್ಟೇ ಕೆಳಗೆ ಹೋಗಿ, ಚಪ್ಪಲಿ ನೆಲಕ್ಕೆ ತಾಗಿ ನಿಲ್ಲತೊಡಗಿತು. ನನ್ನ ಹೆಂಡತಿ ಗೌರಿ ಅದನ್ನು ನೋಡಿ, "ಇನ್ನೊಂದು ಚಪ್ಪಲಿ ಏನ್ ಮಾಡೋರು?" ಎಂದಷ್ಟೇ ಕೇಳಿದಳು. 

ಒಂದು ದಿನ ಸೇಡಂಗೆ ಹೊರಟಿದ್ದೆವು. ಹಬೀಬಸಾಬರು ನಡೆಸುತ್ತಿದ್ದರು. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಗೇಟಿನ ಮುಂದೆ ಫರ್ಸಿ ಕಲ್ಲು ಹೇರಿಕೊಂಡ ಎತ್ತಿನ ಬಂಡಿಯೊಂದು ನಿಂತಿತ್ತು, ಕಲ್ಲಿನ ತುದಿಗಳು ಹಿಂದಕ್ಕೆ ಚಾಚಿಕೊಂಡಿದ್ದವು. ಹಬೀಬಸಾಬರು ಒಮ್ಮೆ ಒತ್ತಿದರು, ಎರಡು ಸಲ ಒತ್ತಿದರು. ಮೂರನೆಯ ಸಲ ಒತ್ತುವುದಕ್ಕೆ ಜಾಗ ಉಳಿದಿರಲಿಲ್ಲ. ಗಾಡಿ ಯಾವ ಆತುರವೂ ಇಲ್ಲದೆ, ನೆಂಟರ ಮನೆಗೆ ಹೋದ ಹಾಗೆ ಹೋಗಿ ಬಂಡಿಯ ಹಿಂಭಾಗಕ್ಕೆ ಮುಖ ಇಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಎತ್ತುಗಳು ತಿರುಗಿ ಕೂಡ ನೋಡಲಿಲ್ಲ. ಎಡಗಡೆಯ ದೀಪ ಮಾತ್ರ ಚೂರುಚೂರಾಗಿ ನೆಲಕ್ಕೆ ಬಿತ್ತು.

ಇಬ್ಬರೂ ಕೆಳಗಿಳಿದು ನೋಡಿದೆವು.  ಬಂಡಿಯ ಜಾಗದಲ್ಲಿ ಮನುಷ್ಯರಿದ್ದಿದ್ದರೆ, ಗೇಟಿನ ಜಾಗದಲ್ಲಿ ರೈಲಿದ್ದಿದ್ದರೆ ಎಂಬ ಯೋಚನೆ ಇಬ್ಬರ ತಲೆಯಲ್ಲೂ ಬಂದಿರಬೇಕು. ಹೆದರಿದ ಮನುಷ್ಯ ಹೆದರಿದೆ ಎಂದು ಹೇಳುವುದಿಲ್ಲ, ಎದುರಿಗಿದ್ದವನನ್ನು ಬೈಯುತ್ತಾನೆ.

"ನಾ ಹೇಳಿರಲಿಲ್ಲೇನ್ರಿ?" ಎಂದೆ.

"ಬ್ರೇಕ್ ಮುಂದ ಅದ. ಮುಂದಿನ ಅರ್ಧ ನಿಮ್ದು. ನಿಮ್ಮ ಬ್ರೇಕ್ ನಿಂದರಲಿಲ್ಲ, ಅದಕ್ಕ ನಾ ಏನ್ ಮಾಡ್ಲಿ?" ಎಂದರು ಹಬೀಬಸಾಬರು.

"ಒತ್ತಿದ ಕಾಲು ಯಾರದ್ರಿ?"

"ಒತ್ತಿದ್ದು ಬ್ರೇಕೋ ನಿಮ್ಮ ಚಪ್ಪಲಿಯೋ, ಅದು ಮೊದ್ಲು ಹೇಳ್ರಿ."

ಬಂಡಿಯವನು ನಮ್ಮಿಬ್ಬರ ಮುಖ ನೋಡಿ, ಇವರು ತನಗೇನೂ ಹೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೇಟು ಎದ್ದ ಕೂಡಲೇ ಬಂಡಿ ಹೊಡೆದುಕೊಂಡು ಹೋದ. ಆ ಹೊತ್ತಿನಿಂದ ನಮ್ಮಿಬ್ಬರ ಮಾತು ನಿಂತಿತು.

ಮಾತು ನಿಂತರೂ ಗಾಡಿ ಜಂಟಿಯದು, ಹೋಗುವ ಕೋರ್ಟು ಒಂದೇ. ಆದ್ದರಿಂದ ಬಾಯಿ ಬಿಗಿದುಕೊಂಡು ಅಕ್ಕಪಕ್ಕ ಕೂತೇ ಓಡಾಡಿದೆವು. ಎಂದೂ ಮೂರನೆಯ ಗೇರಿಗೆ ಏರದೆ, ದೂರದಲ್ಲಿ ಎತ್ತು ಕಂಡರೂ ನಿಲ್ಲಬೇಕಾದ ಜಾಗದ ಬಹಳ ಮೊದಲೇ ಪೆಡಲನ್ನು ತುಳಿಯುತ್ತ ಹೋಗುತ್ತಿದ್ದೆವು. ಮಳಖೇಡದ ಕಾಗಿಣಾ ಸೇತುವೆಯ ಮೇಲೆ ಮೊದಲಾದರೆ ಇಬ್ಬರೂ ಇಳಿದು ಚಹಾ ಕುಡಿದು ನೀರು ನೋಡುತ್ತಿದ್ದೆವು. ಈಗ ಅವರು ಅತ್ತ ನೋಡಿದರೆ ನಾನು ಇತ್ತ. ಕೋರ್ಟಿನಲ್ಲಿ ಮಾತ್ರ ಗತಿಯಿಲ್ಲ. ಎದುರು ವಕೀಲರನ್ನು ಸಂಬೋಧಿಸಲೇಬೇಕು. ಹೀಗಾಗಿ ದಿನವೆಲ್ಲ ನಾವು ಒಬ್ಬರ ಬಗ್ಗೆ ಒಬ್ಬರು ಆಡುತ್ತಿದ್ದ ಮಾತೆಂದರೆ "ನನ್ನ ವಿದ್ವಾಂಸ ಮಿತ್ರರು" ಎಂಬುದೊಂದೇ. ಅದನ್ನು ಹಬೀಬಸಾಬರು ಹೇಳುವ ರೀತಿ ಕೇಳಿದರೆ, ಅದರಲ್ಲಿ ವಿದ್ವಾಂಸ ಎಂಬುದೂ ಬೈಗುಳ, ಮಿತ್ರ ಎಂಬುದೂ ಬೈಗುಳ.

ಹೀಗೆ ಮಳೆಗಾಲ ಮುಗಿಯಿತು. ಅಷ್ಟರಲ್ಲಿ ಹಬೀಬಸಾಬರ ತಾಯಿಗೆ ಹಜ್ ಯಾತ್ರೆಯ ಅವಕಾಶ ಬಂತು. ಓಣಿಯವರೆಲ್ಲ ಅವರನ್ನು ಬಡೀಮಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ವಯಸ್ಸಾದವರು, ಮೊಣಕಾಲು ನೋವಿನವರು, ಆದರೆ ಮಾತಿಗೆ ಯಾವ ನೋವೂ ಇರಲಿಲ್ಲ. ವಾಡಿಯಲ್ಲಿ ಬೊಂಬಾಯಿ ರೈಲು ಹತ್ತಬೇಕು, ಅಲ್ಲಿಂದ ಹಡಗು. ವಾಡಿಯಲ್ಲಿದ್ದ ಅವರ ತಮ್ಮ ಜೊತೆಗೆ ಹೋಗುವವರು, ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತಾರೆ. ಚಿತ್ತಾಪುರದಿಂದ ವಾಡಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗೋಣ ಎಂದು ಹಬೀಬಸಾಬರು ಹೇಳಿದರಂತೆ. "ಮನಿ ಮುಂದ ಮೋಟರ್ ಇಟಗೊಂಡು ನಾ ಯಾಕ ಪ್ಯಾಸೆಂಜರ್ ಹತ್ತಲಿ? ನನ್ನ ಮೊಣಕಾಲು ಆ ಮೆಟ್ಟಲಾ ಏರ್ತಾವೇನು?" ಎಂದು ಬಡೀಮಾ ಕೇಳಿದರಂತೆ. ಈ ಸುದ್ದಿ ನನಗೆ ಮುಟ್ಟಿದ್ದು ಗೌರಿಯಿಂದ. ಗಂಡಸರ ಮಾತು ನಿಂತರೂ ಗೋಡೆಯ ಮೇಲಿಂದ ಹೆಂಗಸರ ಮಾತು ನಿಂತಿರಲಿಲ್ಲ.

ಅಂಥ ಮುದುಕಿಯನ್ನು ಆ ಬ್ರೇಕಿನ ಮೇಲೆ ಕರೆದೊಯ್ಯುವುದೆಂದರೆ ಯಾತ್ರೆಯನ್ನು ದಾರಿಯಲ್ಲೇ ಮುಗಿಸಿದ ಹಾಗೆ. ನಾನು ಯಾರಿಗೂ ಹೇಳದೆ ಗಾಡಿ ರಿಪೇರಿ ಮಾಡುವ ಉಸ್ತಾದನನ್ನು ಕರೆಸಿದೆ. ಹಬೀಬಸಾಬರೂ ಯಾರಿಗೂ ಹೇಳದೆ ಅದೇ ಉಸ್ತಾದನನ್ನು ಕರೆಸಿದ್ದರು. ಊರಲ್ಲಿ ಇದ್ದ ಮೆಕ್ಯಾನಿಕ್ ಅವನೊಬ್ಬನೇ. ಹಾಗಾಗಿ ಉಸ್ತಾದ ಬಂದಾಗ ಇಬ್ಬರೂ ಅಂಗಳದಲ್ಲಿ ಎದುರುಬದುರು ನಿಂತು, ಇಬ್ಬರೂ ಅವನೊಬ್ಬನನ್ನೇ ನೋಡಿದೆವು.

ಉಸ್ತಾದ ಮೊದಲು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ. ಪೆಡಲನ್ನು ನಾಲ್ಕಾರು ಸಲ ಒತ್ತಿದ, ಗಟ್ಟಿಯಾಯಿತು. ಒತ್ತಿ ಹಿಡಿದುಕೊಂಡು ಕೂತ, ಕೆಳಗೆ ಜಾರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಚುರುಮುರಿ. "ಒಳಗ ಗಾಳಿ ಹೊಕ್ಕದ" ಎಂದ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಆಯಿಲ್ ತಳಕ್ಕೆ ಹೋಗಿತ್ತು. ಹೋದದ್ದು ಎಲ್ಲಿಗೆ ಎಂದು ಒಂದೊಂದೇ ಗಾಲಿಯ ಒಳಮುಖ ಮುಟ್ಟಿ ನೋಡುತ್ತ ಹೋದ. ಹಿಂದಿನ ಎಡಗಾಲಿಯ ಹತ್ತಿರ ಅವನ ಬೆರಳು ಒದ್ದೆಯಾಯಿತು, ಹಿಂದಿನ ಗಾಲಿ ಎಂದ. ಒಳಗಿನ ರಬ್ಬರ್ ವಾಶರ್ ಸವೆದು, ಅಲ್ಲಿಂದ ಆಯಿಲ್ ಹನಿಹನಿಯಾಗಿ ಸೋರಿ, ಡಬ್ಬಿ ಬರಿದಾದ ಮೇಲೆ ಅದರ ಬದಲಿಗೆ ಗಾಳಿ ಕೊಳವೆ ಸೇರಿತ್ತು.

"ಆಯಿಲ್ ಒತ್ತಿದ್ರ ಅದು ಗಾಲಿ ಒತ್ತತದ. ಗಾಳಿ ಒತ್ತಿದ್ರ ತಾನೇ ಸಣ್ಣ ಆಗತದ" ಎಂದ ಉಸ್ತಾದ.

ನನಗೆ ಕೇಳಿಸಿದ್ದು 'ಹಿಂದಿನ ಗಾಲಿ' ಎಂಬುದೊಂದೇ. ತಿಂಗಳುಗಟ್ಟಲೆ ಕಾದ ತೀರ್ಪು. ಆದರೆ ಹೇಳೋಣವೆಂದರೆ ಮಾತು ಬಿಟ್ಟಿದ್ದೇನೆ. ಕೊನೆಗೆ ಉಸ್ತಾದನನ್ನೇ ಕೇಳಿದೆ, "ಹಿಂದಿಂದೇ ಗಾಲಿ ಅಂದ್ಯೇನಪಾ? ಮುಂದಿಂದಲ್ಲಲ್ಲ?" ಉಸ್ತಾದ ಹೌದೆಂದ. ಇನ್ನೊಂದು ಸಲ ಕೇಳಿದೆ, ಇನ್ನೊಂದು ಸಲ ಹೌದೆಂದ. ಹಬೀಬಸಾಬರು ಆಕಾಶ ನೋಡುತ್ತ ನಿಂತಿದ್ದರು.

ಕಲಬುರ್ಗಿಯಿಂದ ವಾಶರ್ ತರಿಸಿದ್ದಾಯಿತು. ಹೊರಡುವ ದಿನ ಬೆಳಿಗ್ಗೆ ಉಸ್ತಾದ ಅದನ್ನು ಕೂಡಿಸಿ, ಹೊಸ ಆಯಿಲ್ ತುಂಬುವಷ್ಟರಲ್ಲಿ ಸೇಡಂ ರಸ್ತೆಯ ಕಡೆಯಿಂದ ಒಬ್ಬ ಓಡಿ ಬಂದ. ತೊಗರಿ ಹೇರಿದ ಲಾರಿ ದಾರಿಗೆ ಅಡ್ಡ ಕೂತುಬಿಟ್ಟಿದೆ, ಹಿಂದೆ ಮುಂದೆ ಬಸ್ಸುಗಳೆಲ್ಲ ನಿಂತಿವೆಯಂತೆ. ಉಸ್ತಾದ ಕೈ ಒರೆಸಿಕೊಂಡು ಎದ್ದ. "ಇನ್ನ ಗಾಳಿ ಬಿಡೋದಷ್ಟೇ ಉಳದದ್ರಿ. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಒಬ್ಬರು ಗಾಲಿ ಹಿಂದಿನ ಈ ಸಣ್ಣ ಸ್ಕ್ರೂ ಪಾನಾಲೆ ಜರಾ ಸಡ್ಲ ಮಾಡಬೇಕು. ಗುಳ್ಳಿ ಬರ್ತಾವ. ಸ್ಕ್ರೂ ಬಿಗಿ ಮಾಡಿದ ಮ್ಯಾಲೇ ಕಾಲು ಎತ್ತಬೇಕು. ಮೊದ್ಲೇ ಎತ್ತಿದ್ರ ಹೊರಗಿನ ಗಾಳಿ ಒಳಗ ಎಳಕೋತದ. ಗುಳ್ಳಿ ನಿಲ್ಲೋತನಕ ಮಾಡ್ರಿ. ಮಾತಾಡೋ ಮಂದಿ ಇಬ್ಬರಿದ್ರ ಸಾಕು" ಎಂದು ಹೇಳಿ, ಸ್ಕ್ರೂ ತಿರುಗಿಸುವ ಪಾನಾ ನನ್ನ ಕೈಗೆ ಕೊಟ್ಟು ಹೊರಟೇ ಹೋದ.

ಮಾತಾಡುವ ಮಂದಿ ಇಬ್ಬರು ಇರಲಿಲ್ಲವಲ್ಲ, ಅದೇ ತೊಂದರೆ. ಹಬೀಬಸಾಬರು ಒಳಗೆ ಕೂತರು. ನಾನು ಹಳೆಯ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರಿದೆ. ಸ್ಕ್ರೂವಿಗೆ ಉಸ್ತಾದ ಬಿಟ್ಟುಹೋಗಿದ್ದ ರಬ್ಬರ್ ಕೊಳವೆ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಕೆಮ್ಮಿನ ಔಷಧದ ಬಾಟಲಿಯಲ್ಲಿ ಇಳಿಬಿಟ್ಟೆ. ನಡುವೆ ಗೌರಿ ನಿಂತಳು.

"ಒತ್ತು ಅಂತ ಹೇಳು" ಎಂದೆ.

"ಅಣ್ಣಾರ, ಒತ್ತಬೇಕಂತ್ರಿ" ಎಂದಳು ಗೌರಿ.

"ಒತ್ತೀನಿ ಅಂತ ಹೇಳ್ರಿ ವೈನಿ" ಎಂದರು ಹಬೀಬಸಾಬರು.

"ಒತ್ತ್ಯಾರಂತ್ರಿ."

ನಾನು ಸ್ಕ್ರೂ ಸಡಿಲಿಸಿದೆ. ಗುಳುಗುಳು ಎಂದು ಗುಳ್ಳೆ ಬಂದವು. ಹಿಡಿದೇ ಇರಲಿ ಎಂದು ಹೇಳು ಎಂದೆ. ಅದನ್ನು ಗೌರಿ ಮರ್ಯಾದೆಯ ಮಾತಿನಲ್ಲಿ ಅವರಿಗೆ ಮುಟ್ಟಿಸುವಷ್ಟರಲ್ಲಿ ಅವರು ಕಾಲೆತ್ತಿಯಾಗಿತ್ತು. ಬಾಟಲಿಗೆ ಬಂದ ಗಾಳಿಗಿಂತ ಹೆಚ್ಚಿನದು ಒಳಗೆ ಹೋಯಿತು. ಎರಡನೆಯ ಸಲ ನಾನು ಬಿಗಿ ಮಾಡಿದ್ದು ಅವರಿಗೆ ಗೊತ್ತಾಗದೆ ಪೆಡಲು ಹಿಡಿದೇ ಕೂತರು, ನಾನು ಕೆಳಗೆ ಕಾದೇ ಕಾದೆ. ಮೂರನೆಯ ಸಲ ನಡುವಿನಲ್ಲಿ ಗೌರಿಗೆ ಒಲೆಯ ಮೇಲಿನ ಹಾಲಿನ ನೆನಪಾಗಿ ಒಳಗೆ ಓಡಿದಳು. ನಾನು ಒಬ್ಬನೇ "ಒತ್ತು" ಎಂದು ಅವಳು ಹೋದದ್ದು ಗೊತ್ತಾಗದೆ ಹೇಳುತ್ತಿದ್ದೆ, ಹಬೀಬಸಾಬರಿಗೆ ಅದು ಕೇಳಿಸಿತು, ಆದರೆ ತಮಗಲ್ಲವೆಂದು ಸುಮ್ಮನಿದ್ದರು. ಬಿಸಿಲು ಏರಿತು. ಪೆಡಲು ಮೊದಲಿಗಿಂತ ಮೆತ್ತಗಾಗಿತ್ತು.

ಆಗ ಗೇಟು ಕಿರ್ರೆಂದಿತು. ಬಡೀಮಾ ಬಂದರು. ಯಾತ್ರೆಗೆ ಹೋಗುವವರು ಹೊರಡುವ ಮೊದಲು ನೆರೆಹೊರೆಯವರನ್ನೆಲ್ಲ ಕಂಡು, ತಮ್ಮಿಂದ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳಿಕೊಳ್ಳುವುದು ಅವರಲ್ಲಿ ಪದ್ಧತಿ. ಓಣಿಯನ್ನೆಲ್ಲ ಮುಗಿಸಿ ಕೊನೆಗೆ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಕಂಡದ್ದು ಗಾಡಿಯ ಹೊರಗೆ ಚಾಚಿದ ನನ್ನ ಕಾಲು ಮಾತ್ರ. ನಾನು ಹೊರಗೆ ಬರೋಣವೆಂದರೆ ಸಡಿಲಾದ ಸ್ಕ್ರೂವಿನ ಮೇಲೆ ಹೆಬ್ಬೆರಳು ಒತ್ತಿಕೊಂಡಿದ್ದೆ.

"ಇರಲಿ ಇರಲಿ, ಅಲ್ಲೇ ಇರಪಾ" ಎಂದು ಹೊರಸಿನ ಮೇಲೆ ಕೂತು, ನನ್ನ ಕಾಲಿನ ಜೊತೆಗೇ ಮಾತು ಶುರುಮಾಡಿದರು. "ತಮ್ಮಾ, ನನ್ನ ಕಡಿಂದ ಏನರೆ ತಪ್ಪಾಗಿದ್ರ ಮಾಫ್ ಮಾಡಬೇಕು."

"ನೀವು ನನ್ನ ಕೇಳೋದು ಏನಿರತದ್ರಿ ಬಡೀಮಾ? ಏನೂ ಇಲ್ಲ."

"ಅದ. ನಿನ್ನ ನುಗ್ಗಿ ಗಿಡ ಬುಡತನಕ ತಿಂದಿದ್ದು ನಮ್ಮ ಆಡು. ನೀ ಕೇಳಲಿಕ್ಕ ಬಂದಾಗ ಕಟಗರ ಓಣಿ ಆಡು ಅಂತ ಹೇಳಿದ್ದೆ. ಆ ಮಂದಿ ಜೋಡಿ ನೀ ಜಗಳಾಡಿದಿ, ನಾ ಕಿಟಕಿ ಜಾಲಿ ಸಂದ್ಯಾಗಿಂದ ನೋಡಕೋತ ನಿಂತಿದ್ದೆ."

ಗಾಡಿಯ ಕೆಳಗೆ ನನಗೆ ನಗು ತಡೆಯಲಾಗಲಿಲ್ಲ. ಮೇಲೆ ಸೀಟಿನಲ್ಲಿ ಇನ್ನೊಬ್ಬರು ಕೆಮ್ಮಿದ ಹಾಗೆ ಮಾಡಿ ನಕ್ಕದ್ದೂ ಕೇಳಿಸಿತು. ಮಾಫ್ ಮಾಡಿದೆ ಎಂದೆ. ಬಡೀಮಾ ಸಮಾಧಾನದಿಂದ ಉಸಿರು ಬಿಟ್ಟರು. ಆಮೇಲೆ ಸ್ವಲ್ಪ ಹೊತ್ತು ನಮ್ಮ ಕೆಲಸ ನೋಡಿದರು. ಗೌರಿ ಅತ್ತ ಇತ್ತ ಮಾತು ಸಾಗಿಸುವುದನ್ನು ನೋಡಿದರು.

"ಈಕಿ ಯಾಕ ನಡುವ ನಿಂತಾಳ? ನಿಮಗ ಇಬ್ಬರಿಗೂ ಕಿವಿ ಇಲ್ಲೇನು?"

ನಾನು ಚಾಚಿದ ಕಾಲನ್ನು ಗಾಡಿಯ ಕೆಳಗೆ ಎಳೆದುಕೊಂಡೆ, ಸೀಟಿನಲ್ಲಿದ್ದವರು ಮತ್ತೆ ಕೆಮ್ಮಿದರು. ಅಷ್ಟರಲ್ಲೇ ಬಡೀಮಾರಿಗೆ ಎಲ್ಲ ತಿಳಿಯಿತು ಎಂದು ಕಾಣುತ್ತದೆ. ಮಗನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. "ಬಾ ಬೇಟಿ ಗೌರಿ, ನನಗ ಒಳಗ ಒಂದೀಟು ಚಹಾ ಮಾಡಿ ಕೊಡು. ಸಂಜೀಕ ರೈಲದ. ಇವರು ಹ್ಯಾಂಗರೆ ಮಾಡಕೊಳ್ಳಲಿ" ಎಂದು ಅವಳ ಕೈ ಹಿಡಿದು ಎದ್ದು ಒಳಗೆ ಹೋದರು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ನಡುವೆ ಅಷ್ಟು ದೊಡ್ಡ ಕಬ್ಬಿಣವಿತ್ತು, ಅದೊಂದು ಅನುಕೂಲ.  ಕೊನೆಗೆ ಗಾಡಿಯ ತಳಕ್ಕೆ ಹೇಳಿದ ಹಾಗೆ ಹೇಳಿದೆ.

"ಒತ್ರಿ."

ಮೇಲಿನಿಂದ ಉತ್ತರ ಬಂತು. "ಒತ್ತೀನ್ರಿ."

"ಹಿಡೀರಿ."

"ಹಿಡದೀನ್ರಿ."

ಸ್ಕ್ರೂ ಸಡಿಲಿಸಿ, ಗುಳ್ಳೆ ಬಿಟ್ಟು, ಬಿಗಿ ಮಾಡಿ, "ಬಿಡ್ರಿ" ಎಂದೆ. ಅವರು ಬಿಟ್ಟರು. ಮತ್ತೆ ಒತ್ರಿ, ಮತ್ತೆ ಒತ್ತೀನ್ರಿ. ಗುಳ್ಳೆಗಳು ಮೊದಲು ದೊಡ್ಡವು, ಆಮೇಲೆ ಸಾಸಿವೆಯಷ್ಟು. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗುತ್ತ ಬಂದಾಗ ಹಬೀಬಸಾಬರು ತಾವೇ ಇಳಿದು ತುಂಬಿ ಬಂದು ಕೂತರು. ನಡುವೆ ಒಮ್ಮೆ, "ಕಾಲಿಗೆ ಜೋಮು ಹಿಡದದ್ರಿ" ಎಂದರು. ಕಾಲು ಬದಲಿಸಿ ಎಂದೆ. ಎಡಗಾಲಿನಿಂದ ಒತ್ತಿ ರೂಢಿಯಿಲ್ಲ ಎಂದರು. ಕಾಯಿದೆಯಲ್ಲಿ ಯಾವ ಕಾಲು ಎಂದು ಬರೆದಿಲ್ಲವಲ್ಲ ಎಂದೆ. "ನನ್ನ ವಿದ್ವಾಂಸ ಮಿತ್ರರ ಮಾತು ಖರೆ ಅದ" ಎಂದರು. ಈ ಸಲ ಅದು ಬೈಗುಳದ ಹಾಗೆ ಕೇಳಿಸಲಿಲ್ಲ. ಮುಂದಿನ ಸಲ ಕೊಳವೆಯಲ್ಲಿ ಗುಳ್ಳೆಯೇ ಇಲ್ಲದೆ ಆಯಿಲ್ ತಿಳಿಯಾಗಿ ಇಳಿಯಿತು. ಪೆಡಲು ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಉಳಿದ ಮೂರು ಗಾಲಿಗಳಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ.

ನಾನು ಹೊರಗೆ ಬಂದಾಗ ನನ್ನ ಅಂಗಿಯ ಅವಸ್ಥೆ ನೋಡಿ ಅವರು ತಮ್ಮ ಕರವಸ್ತ್ರ ಚಾಚಿದರು. ಪರೀಕ್ಷೆ ಮಾಡೋಣವೆಂದು ಗಾಡಿಯನ್ನು ಓಣಿಯ ಕೊನೆಯವರೆಗೆ ಅವರೇ ಒಯ್ದರು, ನಾನು ಹಿಂದೆ ಕೂತಿದ್ದೆ. ಹಳೆಯ ರೂಢಿಯಂತೆ ದೂರದಿಂದಲೇ ಜೋರಾಗಿ ತುಳಿದರು. ಗಾಡಿ ಇದ್ದಲ್ಲೇ ನಿಂತಿತು. ನಾನು ಸೀಟಿನಿಂದ ಜಾರಿ ಕೆಳಗೆ ಕೂತೆ. ಹಬೀಬಸಾಬರು ತಿರುಗಿ ನೋಡಿ, "ಬ್ರೇಕ್ ಹತ್ತ್ಯಾದ್ರಿ" ಎಂದರು.

ಮಧ್ಯಾಹ್ನದ ಮೇಲೆ ಬಡೀಮಾರನ್ನು, ಅವರ ಟ್ರಂಕು, ಬುತ್ತಿ, ಹೂವಿನ ಹಾರಗಳನ್ನು ಹೇರಿಕೊಂಡು ವಾಡಿಗೆ ಹೋದೆವು. ದಾರಿಯುದ್ದಕ್ಕೂ ಎತ್ತು, ಆಡು, ಸೈಕಲ್ಲು, ಎಲ್ಲದಕ್ಕೂ ಗಾಡಿ ಸರಿಯಾಗಿ ನಿಂತಿತು. ಸ್ಟೇಷನ್ನಿನಲ್ಲಿ ಅವರ ತಮ್ಮ ಕಾದಿದ್ದರು. ರೈಲು ಬಂತು. ಇಬ್ಬರೂ ಎರಡು ಕಡೆಯಿಂದ ಹಿಡಿದು ಬಡೀಮಾರನ್ನು ಹತ್ತಿಸಿದೆವು. ಕಿಟಕಿಯ ಪಕ್ಕ ಕೂತ ಮೇಲೆ ಅವರು ಸರಳಿನ ನಡುವಿನಿಂದ ಇಬ್ಬರ ಕೈಯನ್ನೂ ಹಿಡಿದುಕೊಂಡರು. ಬಿಸಿ ಕೈ, ಅತ್ತರಿನ ವಾಸನೆ. ವಾಪಸ್ಸು ಬರುತ್ತಾರೋ ಇಲ್ಲವೋ ಎಂಬ ಯೋಚನೆ ನನಗೂ ಬಂತು, ಹಬೀಬಸಾಬರ ಮುಖದಲ್ಲೂ ಕಂಡಿತು.

"ಒಬ್ಬರಿಗೊಬ್ಬರು ಮಾಫ್ ಕೇಳಿದ್ರೇನು?" ಎಂದರು.

"ಕೇಳೀವ್ರಿ" ಎಂದೆವು ಇಬ್ಬರೂ ಒಟ್ಟಿಗೆ. ನಮ್ಮ ಇಷ್ಟು ವರ್ಷದ ವಕೀಲಿಯಲ್ಲಿ ಇಬ್ಬರೂ ಒಂದೇ ಪಕ್ಷಕ್ಕೆ ಸಾಕ್ಷಿ ನುಡಿದದ್ದು ಅದೊಂದೇ ಸಲ. ಬಡೀಮಾ ನಂಬಿದರೋ ಇಲ್ಲವೋ, ತಲೆಯಾಡಿಸಿ ಕೈ ಬಿಟ್ಟರು. ರೈಲು ಹೊರಟಿತು.

ಬರುವಾಗ ನಾನು ನಡೆಸುವ ಸರದಿ. ಹೊತ್ತು ಇಳಿಯುತ್ತಿತ್ತು, ಸಿಮೆಂಟ್ ಕಾರ್ಖಾನೆಯ ಹೊಗೆ ರಸ್ತೆಯ ಮೇಲೆ ಮಲಗಿತ್ತು. ಹಬೀಬಸಾಬರು ಪಕ್ಕದಲ್ಲಿ ಕೂತಿದ್ದರು. ಯಾತ್ರೆಗೆ ಹೊರಟ ಮುದುಕಿಯ ಎದುರು ಸುಳ್ಳು ಹೇಳಿದ್ದು ನನಗೆ ಚುಚ್ಚುತ್ತಿತ್ತು. ಸುಳ್ಳನ್ನು ನಿಜ ಮಾಡುವುದೇನು ದೊಡ್ಡ ಕೆಲಸ, ಒಂದು ಮಾತು ಹೇಳಿದರಾಯಿತು ಎಂದು ಗಂಟಲು ಸರಿಮಾಡಿಕೊಂಡೆ.

"ಹಬೀಬಸಾಬ್ರ."

"ಏನ್ರಿ?"

"ಏನಿಲ್ಲ. ಕಿಟಕಿ ಏರಸ್ರಿ, ಸಿಮೆಂಟಿನ ಧೂಳು ಬರ್ಲಿಕತ್ತದ."

ಅವರು ಕಿಟಕಿ ಏರಿಸಿದರು. ಒಳಗೆ ಸೆಕೆಯಾಯಿತು. ಸ್ವಲ್ಪ ದೂರ ಹೋದೆವು.

"ಚನ್ನಬಸಪ್ಪಾ."

"ಏನ್ರಿ?"

ಅವರು ಅಂಗೈಯಿಂದ ಮುಂದಿನ ಗಾಜು ಒರೆಸಿದರು. "ಏನಿಲ್ಲ. ಮುಂದ ಎಮ್ಮಿ ಅದ, ನೋಡಕೊಂಡು ಹೊಡೀರಿ" ಎಂದರು.

ನಾನು ನೋಡಿದೆ. ಕಣ್ಣಿಗೆ ಕಾಣುವವರೆಗೂ ರಸ್ತೆ ಖಾಲಿ ಬಿದ್ದಿತ್ತು. ಆದರೂ ನಾನು ಬ್ರೇಕ್ ಒತ್ತಿದೆ.